ಎಡಗೈಗೆ ಗೊತ್ತಿತ್ತು

ಹಾಡಿದವರ ಹೆಸರು ಊರಿಗೆಲ್ಲ ಗೊತ್ತು. ಗಿಟಾರ್ ನುಡಿಸಿದವರ ಹೆಸರು ಅಭಿಮಾನಿಗಳಿಗೆ ಗೊತ್ತು. ಕೀಬೋರ್ಡ್ ನುಡಿಸಿದವನ ಹೆಸರು ಗೊತ್ತಿರುವುದು ಇನ್ನೊಬ್ಬ ಕೀಬೋರ್ಡಿನವನಿಗೆ. ಬರ್ನಿ ವೊರೆಲ್ ಎಂಬ ಹೆಸರನ್ನು ಇಲ್ಲೇ ಮೊದಲ ಸಲ ಕಾಣುತ್ತಿರುವವರು ಸಂಕೋಚಪಡಬೇಕಾಗಿಲ್ಲ.

*

1944ರ ಏಪ್ರಿಲ್ 19ರಂದು ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ಲಾಂಗ್ ಬ್ರಾಂಚಿನಲ್ಲಿ ಹುಟ್ಟಿದ. ಬೆಳೆದದ್ದು ಅದೇ ರಾಜ್ಯದ ಪ್ಲೇನ್‌ಫೀಲ್ಡಿನಲ್ಲಿ. ಮೂರು ತುಂಬಿದ ಮೇಲೆ ಪಿಯಾನೊ ಪಾಠ, ಎಂಟಕ್ಕೆ ಸ್ವಂತದ್ದೊಂದು ಕಾನ್ಚೆರ್ಟೊ. ಕಿವಿಗೆ ಬಿದ್ದ ಯಾವ ಸ್ವರವನ್ನಾದರೂ ಇದು ಇಂಥದೇ ಎಂದು ಹೇಳಬಲ್ಲ ಶ್ರುತಿಜ್ಞಾನ ಹುಟ್ಟಿನಿಂದಲೇ ಬಂದಿತ್ತು.

*

ಬಾಲಪ್ರತಿಭೆ ಎಂಬ ಹೊರೆಯನ್ನು ಹೊತ್ತವರಲ್ಲಿ ಎಷ್ಟೋ ಮಂದಿ ದೊಡ್ಡವರಾದ ಮೇಲೂ ಆ ಮಗುವಿನ ಜೊತೆ ಪೈಪೋಟಿ ಮಾಡುತ್ತಲೇ ಸವೆಯುತ್ತಾರೆ. ವೊರೆಲ್ ಬಚಾವಾದದ್ದು ಊರಿನ ಒಂದು ಕ್ಷೌರದಂಗಡಿಯಿಂದ.

*

ಆ ಅಂಗಡಿಯಲ್ಲಿ ಜಾರ್ಜ್ ಕ್ಲಿಂಟನ್ ತಲೆಗೂದಲು ನೇರ ಮಾಡುತ್ತಿದ್ದ, ಬಿಡುವಾದಾಗ ಗೆಳೆಯರನ್ನು ಕೂಡಿಸಿಕೊಂಡು ಹಾಡುತ್ತಿದ್ದ. ಗುಂಪಿನ ಹೆಸರು ದಿ ಪಾರ್ಲಿಮೆಂಟ್ಸ್. ದೇಶದ ಸಂಸತ್ತಿಗೂ ಅದಕ್ಕೂ ಸಂಬಂಧವಿಲ್ಲ. ಅದೊಂದು ಸಿಗರೇಟಿನ ಹೆಸರು. ಶಾಲೆಯಲ್ಲಿ ಬಾಖ್‌ನ ಶಾಸ್ತ್ರೀಯ ಸಂಗೀತ ಕಲಿಯುತ್ತಿದ್ದ ಹುಡುಗನಿಗೆ ಇಲ್ಲಿ ಸಿಕ್ಕಿದ್ದು ಬೇರೆಯದೇ ವಿದ್ಯೆ: ತಪ್ಪು ಮಾಡಿದರೆ ಬೆತ್ತ ಎತ್ತುವವರಿಲ್ಲ, ಚೆನ್ನಾಗಿ ಮಾಡಿದರೆ ಚಪ್ಪಾಳೆಯೂ ಇಲ್ಲ. ಕುರ್ಚಿಯಲ್ಲಿ ಕೂತವನ ಕಾಲು ತಾಳ ಹಾಕಿದರೆ ಪಾಸು, ಹಾಕದಿದ್ದರೆ ನಪಾಸು.

*

ಹಗಲು ಬಾಖ್, ರಾತ್ರಿ ಬಾರು. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಓದುತ್ತಿದ್ದ ವರ್ಷಗಳ ದಿನಚರಿಯನ್ನು ಹೀಗೆ ಎರಡು ಮಾತಿನಲ್ಲಿ ಮುಗಿಸಬಹುದು. ಆಗ ಅವನು ಕೂಡಿಕೊಂಡಿದ್ದ ಒಂದು ತಂಡ ಚಬ್ಬಿ ಅಂಡ್ ದಿ ಟರ್ನ್‌ಪೈಕ್ಸ್. ಆ ತಂಡದ ಅಣ್ಣತಮ್ಮಂದಿರೇ ಮುಂದೆ ಟವಾರೆಸ್ ಎಂಬ ಹೆಸರಿನಲ್ಲಿ ಡಿಸ್ಕೊ ಯುಗದ ತಾರೆಗಳಾದರು. 1977ರ ‘ಸಾಟರ್ಡೇ ನೈಟ್ ಫೀವರ್’ ಚಿತ್ರದ ಹಾಡುಗಳಲ್ಲಿ ಅವರದೂ ಒಂದಿದೆ. ಡಿಸ್ಕೊ ಹುಟ್ಟುವ ಮೊದಲೇ ವೊರೆಲ್ ಅದರ ಮನೆಯವರ ಜೊತೆ ಒಡನಾಡಿ ಮುಗಿಸಿದ್ದ.

*

1967ರಲ್ಲಿ ತಂದೆ ತೀರಿಕೊಂಡರು. ಪದವಿ ಕೈಯಳತೆಯಲ್ಲಿದ್ದಾಗಲೇ ಓದು ನಿಂತಿತು. ಮೊದಲು ಗಾಯಕಿ ಮ್ಯಾಕ್ಸೀನ್ ಬ್ರೌನ್‌ಗೆ ಸಂಗೀತ ನಿರ್ದೇಶಕನಾಗಿ ಊರೂರು ಸುತ್ತಿದ, ಆಮೇಲೆ ಕ್ಲಿಂಟನ್ನನ ತಂಡ ಸೇರಿದ. ಓದು ಬಿಟ್ಟವರ ಕತೆಯನ್ನು ನಾವು ಎರಡೇ ಬಗೆಯಲ್ಲಿ ಹೇಳುತ್ತೇವೆ: ‘ಪಾಪ, ಬಿಡಬೇಕಾಯಿತು’ ಅಥವಾ ‘ನೋಡಿ, ಬಿಟ್ಟೇ ಗೆದ್ದ’. ಬಿಟ್ಟವನು ಕಲಿತದ್ದನ್ನು ಏನು ಮಾಡಿದ ಎಂದು ಕೇಳುವವರು ಕಡಿಮೆ.

*

ಕಲಿತದ್ದನ್ನು ಮರೆತ ಮೇಲೇ ಕಲೆ ಬರುತ್ತದೆ ಎನ್ನುವ ಮಾತು ಕೇಳಲು ಸೊಗಸು. ವೊರೆಲ್ ಏನನ್ನೂ ಮರೆಯಲಿಲ್ಲ.

*

ಕ್ಲಿಂಟನ್ ಒಂದೇ ಗುಂಪನ್ನು ಎರಡು ಹೆಸರಲ್ಲಿ ನಡೆಸಿದ. ಪಾರ್ಲಿಮೆಂಟ್ ಎಂದರೆ ತುತ್ತೂರಿ, ಕುಣಿತ; ಫಂಕಡೆಲಿಕ್ ಎಂದರೆ ಗಿಟಾರು, ಹೊಗೆ. ಬೇರೆ ಬೇರೆ ಕಂಪನಿಗಳ ಜೊತೆ ಬೇರೆ ಬೇರೆ ಕರಾರು ಮಾಡಿಕೊಳ್ಳಲು ಇದರಿಂದ ಅನುಕೂಲವಾಯಿತು. ನುಡಿಸುವವರಿಗೆ ಮಾತ್ರ ಯಾವ ದಿನ ತಾವು ಯಾವ ತಂಡದವರು ಎಂಬುದು ರೆಕಾರ್ಡು ಅಂಗಡಿಗೆ ಬಂದ ಮೇಲೇ ಗೊತ್ತಾಗುತ್ತಿತ್ತೋ ಏನೋ.

*

‘ಮ್ಯಾಗಟ್ ಬ್ರೇನ್’ (1971) ಎಂಬ ಹತ್ತು ನಿಮಿಷದ ಗಿಟಾರ್ ಪ್ರಲಾಪವನ್ನು ಜನ ಇಂದಿಗೂ ಕೊಂಡಾಡುತ್ತಾರೆ. ನುಡಿಸಿದವನು ಎಡ್ಡಿ ಹೇಝೆಲ್. ಧ್ವನಿಮಿಶ್ರಣ ಮಾಡುವಾಗ ಕ್ಲಿಂಟನ್ ಉಳಿದ ತಂಡದ ದನಿಯನ್ನೆಲ್ಲ ಬಹುತೇಕ ಇಳಿಸಿಬಿಟ್ಟ. ಅಳಿಸಿಹೋಗಲು ಒಪ್ಪಿದವರೂ ಆ ಹಾಡಿನ ಕರ್ತೃಗಳೇ. ಹಾಗೆಂದು ರಾಯಧನದ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ.

*

1975ರ ಒಂದು ಫಂಕಡೆಲಿಕ್ ಆಲ್ಬಮ್ ಮುಗಿಯುವುದು ‘ಅಟ್ಮಾಸ್ಫಿಯರ್’ ಎಂಬ ತುಣುಕಿನಿಂದ. ಕ್ಲಿಂಟನ್ ಬಾಯಿಗೆ ಬಂದ ಪೋಲಿ ಮಾತು ಆಡುತ್ತಾನೆ. ಅದಕ್ಕೆ ಅಂಟಿಕೊಂಡೇ ವೊರೆಲ್‌ನ ಆರ್ಗನ್, ಭಾನುವಾರದ ಚರ್ಚಿನಲ್ಲಿ ಕೂತವನ ಗಾಂಭೀರ್ಯದಲ್ಲಿ, ಒಂದರ ಬೆನ್ನಿಗೆ ಒಂದು ಸ್ವರಪಂಕ್ತಿಯನ್ನು ಹೆಣೆಯುತ್ತ ಹೋಗುತ್ತದೆ. ಇದು ಬಾಖ್‌ಗೆ ಮಾಡಿದ ಅಣಕ ಎನ್ನುವವರಿದ್ದಾರೆ. ಅಣಕಿಸುವವನು ಅಷ್ಟು ಶ್ರದ್ಧೆಯಿಂದ ನುಡಿಸುವುದಿಲ್ಲ. ನನಗೆ ಕೇಳುವುದು ಒಬ್ಬನೇ ಮನುಷ್ಯನ ಎರಡು ಊರು, ನಡುವೆ ಬೇಲಿಯಿಲ್ಲ.

*

ಮಡಿ–ಮೈಲಿಗೆ ಸಂಗೀತದಲ್ಲೂ ಇದೆ. ಅದನ್ನು ಮುರಿಯಬೇಕೆಂದು ಭಾಷಣ ಮಾಡಿದವರಿಗಿಂತ, ಅದು ಇದೆ ಎಂಬುದೇ ಗೊತ್ತಿಲ್ಲದವನ ಹಾಗೆ ನುಡಿಸಿದವರು ಹೆಚ್ಚು ಮುರಿದರು.

*

ಧಾರವಾಡದ ಬೈಠಕ್ಕುಗಳಲ್ಲಿ ಕೂತು ಸಮಕ್ಕೆ ತಲೆದೂಗಿದವರಿಗೆ ಕ್ಲಿಂಟನ್ನನ ತಂಡದ ಸಂಗೀತವಾದ ಫಂಕ್‌ನ ಲಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಾಕ್, ಸೋಲ್ ಕೇಳುವ ಜನ ಎರಡನೆಯ, ನಾಲ್ಕನೆಯ ಮಾತ್ರೆಗೆ ಚಪ್ಪಾಳೆ ತಟ್ಟುತ್ತಿದ್ದಾಗ ಗಾಯಕ ಜೇಮ್ಸ್ ಬ್ರೌನ್ ಎಲ್ಲ ಭಾರವನ್ನೂ ತಂದು ಮೊದಲನೆಯ ಮಾತ್ರೆಯ ಮೇಲೆ ಹಾಕಿದ. ಅವನ ತಂಡದಲ್ಲಿ ಪಳಗಿದ ಬೂಟ್ಸಿ ಕಾಲಿನ್ಸ್, ಮೇಸಿಯೊ ಪಾರ್ಕರ್, ಫ್ರೆಡ್ ವೆಸ್ಲಿ ಕ್ಲಿಂಟನ್ನನ ಕಡೆಗೆ ಬಂದಾಗ ಆ ಭಾರವನ್ನೂ ಹೊತ್ತು ತಂದರು. ನಡುವೆ ಯಾರು ಎಲ್ಲಿ ಬೇಕಾದರೂ ಅಲೆಯಲಿ, ಒಂದಕ್ಕೆ ಎಲ್ಲರೂ ಮನೆಗೆ ಬರಬೇಕು.

*

ಆ ಮೂವರೂ ಬ್ರೌನ್‌ನ ಗರಡಿಯವರು. ವೊರೆಲ್ ಮಾತ್ರ ಆ ಗರಡಿಗೆ ಹೋದವನಲ್ಲ. ಅದಕ್ಕೇ ಅವನು ಒಂದನೆಯ ಮಾತ್ರೆಗೆ ಬರುವ ದಾರಿ ಬೇರೆ: ಉಳಿದವರು ನೆಲ ಗುದ್ದುತ್ತ ಬಂದರೆ ಅವನು ಮಹಡಿಯಿಂದ ಇಳಿದು ಬರುತ್ತಾನೆ.

*

ತುಂಬಿದ ತಂಡದಲ್ಲಿ ಹತ್ತು ಬೆರಳೂ ಬಳಸುವ ಪಿಯಾನೊ ವಾದಕ ಎಲ್ಲರಿಗೂ ಅಡ್ಡಿ.

*

ಕ್ಲಾವಿನೆಟ್ ಎಂಬುದು ಜರ್ಮನಿಯ ಹೋನರ್ ಕಂಪನಿಯ ವಾದ್ಯ. ಕೀಲಿ ಒತ್ತಿದರೆ ಒಳಗಿನ ತಂತಿಗೆ ಏಟು ಬೀಳುತ್ತದೆ, ಗಿಟಾರಿನಲ್ಲಿರುವಂಥದೇ ಪಿಕಪ್ ಆ ದನಿಯನ್ನು ಎತ್ತಿಕೊಳ್ಳುತ್ತದೆ. ಅದನ್ನು ರೂಪಿಸಿದ ಎರ್ನ್ಸ್ಟ್ ಜಕಾರಿಯಾಸ್‌ನ ಕಣ್ಣ ಮುಂದೆ ಇದ್ದದ್ದು ಬಾಖ್ ಕಾಲದ ಕ್ಲಾವಿಕಾರ್ಡ್. ಮನೆಯಲ್ಲಿ ಕೂತು ಹಳೆಯ ಸಂಗೀತ ನುಡಿಸಿಕೊಳ್ಳಲಿ ಎಂದು ಮಾಡಿದ್ದು ಅಮೆರಿಕದ ಕರಿಯ ಸಂಗೀತಗಾರರ ಕೈಗೆ ಸಿಕ್ಕು ಫಂಕ್‌ನ ಹಲ್ಲು ಕಡಿಯುವ ದನಿಯಾಯಿತು. ವಾದ್ಯ ಮಾಡಿದವನಿಗೆ ವಾದ್ಯದ ಬಗ್ಗೆ ಎಲ್ಲ ತಿಳಿದಿರುತ್ತದೆ, ಅದರ ಭವಿಷ್ಯದ ಹೊರತು.

*

ಬಾಖ್‌ನನ್ನೂ ಫಂಕ್ಕನ್ನೂ ಒಟ್ಟಿಗೆ ಬಲ್ಲವನ ಕೈಗೆ ಕ್ಲಾವಿನೆಟ್ ಬಂದದ್ದು ಕಾಕತಾಳೀಯ. ಅವನು ಅದನ್ನು ಬಿಡದೆ ಹಿಡಿದದ್ದು ಕಾಕತಾಳೀಯವಲ್ಲ.

*

1970ರಲ್ಲಿ ಮಾರುಕಟ್ಟೆಗೆ ಬಂದ ಮಿನಿಮೋಗ್ ಎಂಬ ಸಿಂಥಸೈಜರಿಗೆ ಏಕಕಾಲಕ್ಕೆ ಒಂದೇ ಸ್ವರ. ಎಷ್ಟು ಕೀಲಿ ಅದುಮಿದರೂ ಅದು ಹಾಡುವುದು ಒಂದನ್ನೇ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹತ್ತು ಬೆರಳನ್ನೂ ಸಾಕಿ ಬೆಳೆಸಿದ ಪಿಯಾನೊ ವಾದಕನಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ? ಎಷ್ಟೋ ಮಂದಿ ಅದನ್ನು ಆಟಿಕೆಯೆಂದು ಪಕ್ಕಕ್ಕಿಟ್ಟರು. ವೊರೆಲ್ ಅದರಲ್ಲಿ ಕಂಡದ್ದು ಬಿಡುಗಡೆ: ಒಂದೇ ಸ್ವರ ಆದ್ದರಿಂದ ಅದನ್ನು ಬಾಗಿಸಬಹುದು, ಎಳೆಯಬಹುದು, ಕೆರಳಿಸಬಹುದು, ತೊದಲಿಸಬಹುದು. ಪಿಯಾನೊದಲ್ಲಿ ಒಮ್ಮೆ ಒತ್ತಿದ ಸ್ವರ ಆ ಮೇಲೆ ನಿಮ್ಮ ಮಾತು ಕೇಳುವುದಿಲ್ಲ.

*

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುವುದು ದಾನಕ್ಕೆ ಸರಿ. ಮಿನಿಮೋಗಿಗೆ ಸರಿಯಲ್ಲ. ಅಲ್ಲಿ ಬಲಗೈ ಕೀಲಿಯ ಮೇಲಿದ್ದರೆ ಎಡಗೈ ಪಕ್ಕದ ಚಕ್ರದ ಮೇಲಿರುತ್ತದೆ. ಬಲಗೈ ಹೇಳಿದ ಸ್ವರವನ್ನು ಯಾವ ಕ್ಷಣದಲ್ಲಿ ಎಷ್ಟು ಜಾರಿಸಬೇಕು ಎಂಬ ತೀರ್ಮಾನ ಎಡಗೈಯದು. ವೊರೆಲ್‌ನ ರೆಕಾರ್ಡುಗಳನ್ನು ಗಮನವಿಟ್ಟು ಕೇಳಿ. ಬಲಗೈ ಜಾಣ, ಎಡಗೈ ರಸಿಕ.

*

ಆ ವಾದ್ಯದ ಗುಟ್ಟು ಇಷ್ಟೇ: ನಾದ ಹುಟ್ಟಿಸುವ ಮೂರು ಆಸಿಲೇಟರುಗಳು ಒಂದೇ ಸ್ವರ ಹಿಡಿಯುತ್ತವೆ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಶ್ರುತಿಯಲ್ಲಿ. ಆ ಚೂರು ಅಪಶ್ರುತಿಯೇ ನಾದವನ್ನು ದಪ್ಪ ಮಾಡುತ್ತದೆ. ಮೂರೂ ಒಂದೇ ಶ್ರುತಿಯಲ್ಲಿ ಬಿಗಿದು ಕೂತರೆ ದನಿ ಸಪೂರವಾಗುತ್ತದೆ. ಆ ಮೇಲೆ ಒಂದು ಫಿಲ್ಟರ್ ಇದೆ. ಅದು ನಾದದ ಮೇಲಣ ಹೊಳಪನ್ನು ಕತ್ತರಿಸಿ ಕತ್ತಲನ್ನು ಉಳಿಸುತ್ತದೆ. ಬೆಳಕು ಎಷ್ಟು, ಕತ್ತಲು ಎಷ್ಟು ಎಂಬುದು ಒಂದು ಗುಂಡಿಯ ತಿರುವಿನಲ್ಲಿ.

*

‘ಫ್ಲ್ಯಾಶ್ ಲೈಟ್’ 1977ರ ಆಲ್ಬಮ್ಮಿನಲ್ಲಿದೆ, ಬಿಡಿ ರೆಕಾರ್ಡಾಗಿ ಬಂದದ್ದು 1978ರ ಆರಂಭದಲ್ಲಿ. ಕಪ್ಪು ಜನರ ಸಂಗೀತಕ್ಕೆಂದು ಇದ್ದ ಆರ್ ಅಂಡ್ ಬಿ ಪಟ್ಟಿಯಲ್ಲಿ ಒಂದನೆಯ ಸ್ಥಾನ, ಇಡೀ ದೇಶದ ಪಟ್ಟಿಯಲ್ಲಿ 16. ಅದರಲ್ಲಿ ಬೇಸ್ ಗಿಟಾರ್ ಇಲ್ಲ. ದೇಶದ ಹೆಸರಾಂತ ಬೇಸ್ ವಾದಕ ಬೂಟ್ಸಿ ಅದೇ ಸ್ಟುಡಿಯೊದಲ್ಲಿದ್ದ, ಆದರೆ ಅವನು ಕೂತದ್ದು ಡ್ರಮ್ಸಿನ ಮುಂದೆ. ಬೇಸಿನ ಜಾಗವನ್ನು ಹಿಡಿದದ್ದು ವೊರೆಲ್‌ನ ಮಿನಿಮೋಗ್. ಮನೆ ಯಜಮಾನ ಎದ್ದು ಜಾಗ ಬಿಟ್ಟುಕೊಟ್ಟಾಗ ಅತಿಥಿ ಹೇಗೆ ಕೂರಬೇಕು ಎಂಬುದನ್ನು ಆ ಐದಾರು ನಿಮಿಷ ತೋರಿಸುತ್ತದೆ.

*

ಆ ಬೇಸ್ ನಡೆಯುವುದಿಲ್ಲ, ಹೊರಳಾಡುತ್ತದೆ. ಮೆಟ್ಟಿಲು ಇಳಿಯುವಂತೆ ಕಂಡು ಅರ್ಧದಲ್ಲಿ ಜಾರುತ್ತದೆ, ಜಾರಿದಲ್ಲಿಂದ ಮೇಲಕ್ಕೆ ಪುಟಿಯುತ್ತದೆ. ಗಿಟಾರಿನ ಬೇಸ್ ಆಗಿದ್ದರೆ ತಂತಿ, ಬೆರಳು, ಮಣೆಯ ಗೆರೆ ಇವುಗಳ ಅಂಕೆ ಇರುತ್ತಿತ್ತು. ವೊರೆಲ್ ಅದನ್ನು ಗಿಟಾರಿನ ಹಾಗೆ ಕೇಳಿಸಲು ಹೋಗಲಿಲ್ಲ. ಹೊಸ ವಾದ್ಯ ಹಳೆಯದರ ವೇಷ ಹಾಕಿಕೊಂಡು ಬರುವುದು ಎಲ್ಲ ಕಾಲದಲ್ಲೂ ಇದ್ದದ್ದೇ. ವೇಷ ಕಳಚುವ ಧೈರ್ಯ ವಾದ್ಯಕ್ಕೆ ಬರುವುದು ಇಂಥವರಿಂದ.

*

ಅದೇ 1977ರಲ್ಲಿ ಜರ್ಮನಿಯ ಮ್ಯೂನಿಕ್ಕಿನಲ್ಲಿ ಇನ್ನೊಂದು ಮೋಗ್ ಯಂತ್ರ ಇನ್ನೊಂದು ಬೇಸ್ ಹೊರಡಿಸಿತು. ಜಾರ್ಜಿಯೊ ಮೊರೊಡರ್ ಸಂಗೀತದಲ್ಲಿ ಡೊನ್ನಾ ಸಮ್ಮರ್ ಹಾಡಿದ ‘ಐ ಫೀಲ್ ಲವ್’. ಅಲ್ಲಿ ಬೇಸನ್ನು ನುಡಿಸಿದ್ದು ಕೈಯಲ್ಲ, ಸ್ವರಗಳನ್ನು ತಾನೇ ಸಾಲಾಗಿ ನುಡಿಸುವ ಸೀಕ್ವೆನ್ಸರ್. ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವೆ ಕೂದಲೆಳೆಯ ವ್ಯತ್ಯಾಸವಿಲ್ಲ. ಡಿಸ್ಕೊ ಮುಂದೆ ಹೋದ ದಾರಿ ಅದು. ಟೆಕ್ನೊ, ಹೌಸ್, ಇಂದಿನ ಕ್ಲಬ್ಬುಗಳೆಲ್ಲ ಆ ಬೀದಿಯವೇ. ವೊರೆಲ್ ಅದೇ ಕಂಪನಿಯ ಯಂತ್ರದಲ್ಲಿ ಕೈಯನ್ನು ಉಳಿಸಿದ. ಎರಡೂ ದೊಡ್ಡ ಕೆಲಸವೇ. ನನಗೆ ಆಯ್ದುಕೊಳ್ಳಲು ಹೇಳಿದರೆ, ತಡವಾಗಿ ಬಂದು ಸರಿಯಾದ ಹೊತ್ತಿಗೇ ಮುಟ್ಟುವವನ ಕಡೆಗೆ ನಾನು.

*

ಆದರೂ ಒಂದು ಮಾತು. ‘ಐ ಫೀಲ್ ಲವ್’ನ ಡ್ರಮ್ಮಿನ ಏಟು ಯಂತ್ರದ್ದೆಂದು ಎಲ್ಲರೂ ನಂಬುತ್ತಾರೆ, ಅದನ್ನು ನುಡಿಸಿದವನು ಕೀತ್ ಫೋರ್ಸಿ ಎಂಬ ಮನುಷ್ಯ. ಯಂತ್ರದ ಹಾಗೆ ನುಡಿಸಲು ಮನುಷ್ಯನೂ, ಮನುಷ್ಯನ ಹಾಗೆ ನುಡಿಸಲು ಯಂತ್ರವೂ ಹೆಣಗಿದ ವರ್ಷ ಅದು.

*

ಪಿಟೀಲುಗಳಿಲ್ಲದ ಡಿಸ್ಕೊ ಇಲ್ಲ. ಇಪ್ಪತ್ತು ಪಿಟೀಲಿನವರಿಗೆ ಸಂಬಳ ಕೊಡಲು ದುಡ್ಡೂ ಇಲ್ಲ. ಈ ಎರಡು ಸಂಗತಿಗಳ ನಡುವೆ ಹುಟ್ಟಿದ್ದು ಆರ್ಪ್ ಸ್ಟ್ರಿಂಗ್ ಎನ್ಸೆಂಬಲ್. ಹಾಲೆಂಡಿನ ಆರ್ಗನ್ ಕಂಪನಿಯೊಂದು ಮಾಡಿ ಅಮೆರಿಕದ ಆರ್ಪ್ 1974ರ ಹೊತ್ತಿಗೆ ಮಾರತೊಡಗಿದ ಪೆಟ್ಟಿಗೆ. ದನಿ ನಿಜವಾದ ಪಿಟೀಲಿನದಲ್ಲ ಎಂಬುದು ಕಿವಿ ಇರುವ ಯಾರಿಗೂ ತಿಳಿಯುತ್ತದೆ. ಪಾರ್ಲಿಮೆಂಟಿನ ಹಾಡುಗಳಿಗೆ ನಿಜವಾದ ಪಿಟೀಲು ಬೇಕಾಗಿರಲೂ ಇಲ್ಲ. ಅಂತರಿಕ್ಷದಿಂದ ಬಂದವರೆಂದು ಹೇಳಿಕೊಳ್ಳುವವರ ಹಿಂದೆ ಮೋಡದಂತಹ ಒಂದು ಪರದೆ ಇದ್ದರೆ ಸಾಕಿತ್ತು.

*

ಅಂತರಿಕ್ಷದ ವಿಷಯ. 1975ರ ‘ಮದರ್‌ಶಿಪ್ ಕನೆಕ್ಷನ್’ ಆಲ್ಬಮ್ಮಿನ ಬೆನ್ನಿಗೆ ಕ್ಲಿಂಟನ್ ನಿಜವಾಗಿಯೂ ಒಂದು ನೌಕೆ ಮಾಡಿಸಿದ. 1976ರಿಂದ ಅದು ಹೊಗೆ, ದೀಪಗಳ ನಡುವೆ ವೇದಿಕೆಯ ಮೇಲೆ ಇಳಿಯುತ್ತಿತ್ತು. ಬಸ್ಸಿನ ಮುಂದಿನ ಸೀಟನ್ನೂ ಕೆಲವು ಕಡೆ ಹೋರಾಡಿಯೇ ಪಡೆಯಬೇಕಾಗಿದ್ದ ಜನ ಆಕಾಶನೌಕೆಯಲ್ಲಿ ಬಂದಿಳಿಯುವುದನ್ನು ಬರೀ ತಮಾಷೆ ಎಂದು ನೋಡಿದವರಿಗೆ ತಮಾಷೆಯೂ ಅರ್ಥವಾಗಲಿಲ್ಲ. ಇನ್ನೊಂದು ಮದರ್‌ಶಿಪ್ ಈಗ ವಾಷಿಂಗ್ಟನ್ನಿನಲ್ಲಿ, ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ.

*

ನೌಕೆ ಇಳಿಯುವಾಗ ಎಲ್ಲರ ಕಣ್ಣು ಮೇಲೆ. ಅದು ಇಳಿಯುತ್ತಿದೆ ಎಂದು ನಂಬಿಸುವ ದನಿ ಪಕ್ಕದ ಕೀಬೋರ್ಡುಗಳಿಂದ. ನಾಟಕ ಕಂಪನಿ ನಡೆಸಿದವರಿಗೆ ಇದು ಗೊತ್ತು: ದೇವರು ಪ್ರತ್ಯಕ್ಷನಾಗುವುದು ರಂಗಸಜ್ಜಿಕೆಯಿಂದಲ್ಲ.

*

ಕ್ಲಿಂಟನ್ ಡಿಸ್ಕೊವನ್ನು ಗೇಲಿ ಮಾಡುತ್ತಿದ್ದ. ಅದು ಔಷಧಿಯೆಂದು ಕೊಟ್ಟ ಸಕ್ಕರೆ ಗುಳಿಗೆ ಎಂದು ‘ಫ್ಲ್ಯಾಶ್ ಲೈಟ್’ ಇರುವ ಆಲ್ಬಮ್ಮಿನ ಹೆಸರಿನಲ್ಲೇ ಸೂಚಿಸಿದ. ಆಲ್ಬಮ್ ಬಂದ ಮೇಲೆ ಅದೇ ಹಾಡಿಗೆ ಡಿಸ್ಕೊಗಳಲ್ಲಿ ಜನ ಕುಣಿದರು. ಗಡಿ ಹಾಕುವವರು ಹಾಡುವವರು, ಬರೆಯುವವರು, ಮಾರುವವರು. ಕಾಲಿಗೆ ಗಡಿ ಗೊತ್ತಿಲ್ಲ.

*

1979ರ ಜುಲೈ 12ರಂದು ಶಿಕಾಗೊದ ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿ, ಎರಡನೆಯ ಪಂದ್ಯವನ್ನು ಆತಿಥೇಯರು ಬಿಟ್ಟುಕೊಡಬೇಕಾಯಿತು. ಸಂಗೀತ ಇಷ್ಟವಾಗದಿದ್ದರೆ ಕೇಳದೆ ಇರಬಹುದು. ಸುಡಬೇಕು ಅನ್ನಿಸಿದರೆ ಸಿಟ್ಟು ಸಂಗೀತದ ಮೇಲಿನದಲ್ಲ, ಅದಕ್ಕೆ ಕುಣಿಯುವವರ ಮೇಲಿನದು. ಡಿಸ್ಕೊಗೆ ಮೊದಲು ಕುಣಿದವರು ಕರಿಯರು, ಲ್ಯಾಟಿನೊಗಳು, ಸಲಿಂಗಿಗಳು.

*

ಕೂಡು ಕುಟುಂಬ ಒಡೆಯುವುದು ಅಡುಗೆಮನೆಯಲ್ಲಿ, ತಂಡ ಒಡೆಯುವುದು ಲೆಕ್ಕದ ಪುಸ್ತಕದಲ್ಲಿ. 1980ರ ಸುಮಾರಿಗೆ ಪಾರ್ಲಿಮೆಂಟ್–ಫಂಕಡೆಲಿಕ್ ಸಂಸಾರ ಹಾಗೆ ಸಡಿಲವಾಯಿತು. ಅದೇ ವರ್ಷ ವೊರೆಲ್ ಟಾಕಿಂಗ್ ಹೆಡ್ಸ್ ಎಂಬ ನ್ಯೂಯಾರ್ಕಿನ ಬಿಳಿಯರ ರಾಕ್ ತಂಡದ ಜೊತೆ ವೇದಿಕೆ ಹತ್ತಿದ.

*

ಟಾಕಿಂಗ್ ಹೆಡ್ಸ್‌ನ ಬಹುದೊಡ್ಡ ಜನಪ್ರಿಯ ಹಾಡು ‘ಬರ್ನಿಂಗ್ ಡೌನ್ ದಿ ಹೌಸ್’ (1983). ಅದರ ಹೆಸರು ಹುಟ್ಟಿದ್ದು ಪಾರ್ಲಿಮೆಂಟ್–ಫಂಕಡೆಲಿಕ್ ಕಛೇರಿಯಲ್ಲಿ ಪ್ರೇಕ್ಷಕರು ಹಾಕಿದ ಘೋಷಣೆಯಿಂದ; ಕೇಳಿಸಿಕೊಂಡವನು ಡ್ರಮ್ಸಿನ ಕ್ರಿಸ್ ಫ್ರಾಂಟ್ಸ್. ಆ ಹಾಡನ್ನು ವೇದಿಕೆಯ ಮೇಲೆ ನುಡಿಸಲು ಆ ಕಛೇರಿಯ ಕೀಬೋರ್ಡಿನವನೇ ಬಂದ. ಸಾಲ ಕೊಟ್ಟವನೇ ಬಂದು ಸಾಲಗಾರನ ಮನೆಯ ಹಬ್ಬದಲ್ಲಿ ಬಡಿಸಿದಂತೆ ಇದು. ಬಡಿಸಿದ್ದು ಸಂತೋಷದಿಂದಲೇ ಎಂಬುದು ಚಿತ್ರದಲ್ಲಿ ಕಾಣುತ್ತದೆ.

*

ಆ ಚಿತ್ರ ‘ಸ್ಟಾಪ್ ಮೇಕಿಂಗ್ ಸೆನ್ಸ್’. 1983ರ ಡಿಸೆಂಬರಿನಲ್ಲಿ ಹಾಲಿವುಡ್‌ನ ಪ್ಯಾಂಟೇಜಸ್ ರಂಗಮಂದಿರದಲ್ಲಿ ನಡೆದ ಕಛೇರಿಗಳನ್ನು ಜೊನಾಥನ್ ಡೆಮಿ ಚಿತ್ರೀಕರಿಸಿದ. ತೆರೆಗೆ ಬಂದದ್ದು 1984ರಲ್ಲಿ. ಖಾಲಿ ವೇದಿಕೆಗೆ ಮೊದಲು ತಂಡದ ಗಾಯಕ ಡೇವಿಡ್ ಬರ್ನ್ ಒಬ್ಬನೇ ಬರುತ್ತಾನೆ. ಒಂದೊಂದು ಹಾಡಿಗೆ ಒಬ್ಬೊಬ್ಬರು ಕೂಡಿಕೊಳ್ಳುತ್ತಾರೆ. ಕೊನೆಗೆ ಬರುವವರಲ್ಲಿ ವೊರೆಲ್. ಅವನು ಬಂದ ಮೇಲೆ ತಂಡ ತುಂಬುತ್ತದೆ. ಅಲ್ಲಿಯವರೆಗೆ ಏನೋ ಕಮ್ಮಿ ಇತ್ತು ಎಂಬುದು ಆಗಷ್ಟೇ ನಮಗೆ ಹೊಳೆಯುತ್ತದೆ.

*

ಬರ್ನ್‌ನ ದೊಗಳೆ ಕೋಟನ್ನು ನೋಡಲೆಂದು ಆ ಚಿತ್ರವನ್ನು ಒಮ್ಮೆ ನೋಡಿ. ಎರಡನೆಯ ಸಲ ನೋಡುವಾಗ ವೊರೆಲ್‌ನ ಮುಖದ ಮೇಲೆ ಕಣ್ಣಿಡಿ. ಹಾಡು ಎಲ್ಲಿ ಹೊರಳುತ್ತದೆ ಎಂಬುದು ಅರ್ಧ ಕ್ಷಣ ಮೊದಲೇ ಅವನ ಹುಬ್ಬಿನಲ್ಲಿ ತಿಳಿಯುತ್ತದೆ.

*

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1997ರಲ್ಲಿ ಪಾರ್ಲಿಮೆಂಟ್–ಫಂಕಡೆಲಿಕ್‌ನ ಹದಿನಾರು ಮಂದಿಯನ್ನು ಸೇರಿಸಿಕೊಂಡಿತು; ವೊರೆಲ್ ಅವರಲ್ಲೊಬ್ಬ. 2002ರಲ್ಲಿ ಟಾಕಿಂಗ್ ಹೆಡ್ಸ್‌ಗೆ ಆ ಗೌರವ ಬಂದಾಗ ಹೆಸರಿಸಿದ್ದು ನಾಲ್ವರನ್ನು. ತಂಡದ ಸದಸ್ಯನೆಂದು ಕಾಗದದಲ್ಲಿ ಬರೆಯದವನಿಗೆ ಕಾಗದದ ಗೌರವವೂ ಇಲ್ಲ. ನಿಯಮದ ಪ್ರಕಾರ ಸರಿ. ನಿಯಮದ ಪ್ರಕಾರ ಸರಿಯಾದದ್ದರ ಪಟ್ಟಿ ಬಹಳ ಉದ್ದ.

*

ಎಲ್ಲ ಪಕ್ಕವಾದ್ಯದವರೂ ಅನ್ಯಾಯಕ್ಕೆ ಒಳಗಾದವರಲ್ಲ. ಕೆಲವರು ಪಕ್ಕದಲ್ಲೇ ಇರಲು ಬಯಸುತ್ತಾರೆ. ಅಲ್ಲಿ ನಿಂತರೆ ಎಲ್ಲರೂ ಕಾಣುತ್ತಾರೆ. ವೊರೆಲ್ ಸ್ವಂತ ಹೆಸರಿನಲ್ಲೂ ಆಲ್ಬಮ್ ಮಾಡಿದ, 1978ರಿಂದ ಮೊದಲುಗೊಂಡು. ಅವು ಕೆಟ್ಟವಲ್ಲ. ಆದರೆ ಇನ್ನೊಬ್ಬರ ಹಾಡಿನ ಸಂದಿಯಲ್ಲಿ ಅವನ ಕೈ ಮಾಡಿದ ಚಮತ್ಕಾರ, ಇಡೀ ಬಯಲನ್ನೇ ಬಿಟ್ಟುಕೊಟ್ಟಾಗ ಅಷ್ಟು ಕಾಣದು. ಇದು ನನ್ನ ಕಿವಿಯ ತೀರ್ಪು, ಒಪ್ಪದವರು ಇದ್ದಾರೆ.

*

ಸದಾ ಒಳ್ಳೆಯ ಕಡೆಯೇ ಇದ್ದ ಎಂದೂ ಹೇಳುವಂತಿಲ್ಲ. ನೈಜೀರಿಯಾದ ಗಾಯಕ ಫೆಲಾ ಕುಟಿ ಜೈಲಿನಲ್ಲಿದ್ದಾಗ ಅವನ ‘ಆರ್ಮಿ ಅರೇಂಜ್‌ಮೆಂಟ್’ ಧ್ವನಿಮುದ್ರಿಕೆಯನ್ನು ನಿರ್ಮಾಪಕ ಬಿಲ್ ಲಾಸ್ವೆಲ್ ನ್ಯೂಯಾರ್ಕಿನಲ್ಲಿ ಮತ್ತೆ ಮಿಶ್ರಣ ಮಾಡಿದ (1985). ಅದರಲ್ಲಿ ಹೊಸದಾಗಿ ಸೇರಿದ ಆರ್ಗನ್ ವೊರೆಲ್‌ನದು. ಫೆಲಾಗೆ ಅದು ಹಿಡಿಸಲಿಲ್ಲ. ಬಂಧನದಲ್ಲಿರುವವನ ಮಾತನ್ನು ತಿದ್ದುವ ಕೈ ಎಷ್ಟು ಒಳ್ಳೆಯದಾದರೂ ಆ ಮಾತು ಅವನದಾಗಿ ಉಳಿಯುವುದಿಲ್ಲ. ನುಡಿಸಿದ್ದು ಚೆನ್ನಾಗಿದೆ, ನುಡಿಸಬಾರದಿತ್ತು.

*

ಸ್ಯಾಂಪಲ್ ಮಾಡುವುದೆಂದರೆ ಹಳೆಯ ರೆಕಾರ್ಡಿನ ತುಣುಕು ಕತ್ತರಿಸಿ ಹೊಸ ಹಾಡಿಗೆ ಹೊಲಿಯುವುದು. ಪಾರ್ಲಿಮೆಂಟ್–ಫಂಕಡೆಲಿಕ್‌ನಷ್ಟು ಕತ್ತರಿ ಕಂಡ ತಂಡಗಳು ಕಡಿಮೆ. 1979ರ ‘ನಾಟ್ ಜಸ್ಟ್ ನೀ ಡೀಪ್’ನ ತುಣುಕಿನ ಮೇಲೆ ರ‍್ಯಾಪ್ ತಂಡ ಡಿ ಲಾ ಸೋಲ್ 1989ರಲ್ಲಿ ‘ಮೀ ಮೈಸೆಲ್ಫ್ ಅಂಡ್ ಐ’ ಕಟ್ಟಿತು. ಮೂರು ವರ್ಷ ಕಳೆದು ರ‍್ಯಾಪರ್ ಡಾಕ್ಟರ್ ಡ್ರೆಯ ‘ದಿ ಕ್ರಾನಿಕ್’ ಬಂದಾಗ ಇಡೀ ಲಾಸ್ ಏಂಜಲೀಸ್ ಆ ಹಳೆಯ ಫಂಕ್‌ಗೆ ತಲೆಯಾಡಿಸುತ್ತಿತ್ತು.

*

ಆ ಕಾಲದ ರ‍್ಯಾಪ್ ಹಾಡುಗಳ ಮೇಲ್ಗಡೆ ಸೀಟಿ ಹೊಡೆದಂತೆ ಎಳೆಯುವ ಸಿಂಥಸೈಜರ್ ದನಿಗೆ ವೊರೆಲ್‌ನೇ ತಂದೆ ಎಂದು ಅಭಿಮಾನಿಗಳು ಬರೆಯುತ್ತಾರೆ. ಪೂರ್ತಿ ನಿಜವಲ್ಲ. ಓಹಾಯೊ ಪ್ಲೇಯರ್ಸ್ ತಂಡದಲ್ಲಿದ್ದಾಗ ಜೂನಿ ಮಾರಿಸನ್ ಮಾಡಿದ ‘ಫಂಕಿ ವರ್ಮ್’ನಲ್ಲಿ ಅದಾಗಲೇ ಆ ಸೀಟಿ ಇತ್ತು. ಮುಂದೆ ಅದೇ ಜೂನಿ ಕ್ಲಿಂಟನ್ನನ ತಂಡಕ್ಕೆ ಬಂದು ವೊರೆಲ್‌ನ ಪಕ್ಕದಲ್ಲಿ ಕೂತ. ಮರೆತವನನ್ನು ನೆನಪಿಸುವ ಹುರುಪಿನಲ್ಲಿ ಇನ್ನೊಬ್ಬನನ್ನು ಮರೆಯಬಾರದು.

*

ಎರಡು ಸೆಕೆಂಡಿನ ಗಿಟಾರ್ ತುಣುಕು. ಫಂಕಡೆಲಿಕ್‌ನ ಹಾಡಿನಿಂದ ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ತಂಡ ಎತ್ತಿಕೊಂಡದ್ದು. ಅದರ ಮೇಲೆ ನಡೆದ ಮೊಕದ್ದಮೆಯಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಹೇಳಿದ್ದು: ತುಣುಕು ಎಷ್ಟೇ ಚಿಕ್ಕದಿರಲಿ, ಅನುಮತಿ ಬೇಕು. ಸಂಗೀತಗಾರರಿಗೆ ಜಯ ಎಂದುಕೊಳ್ಳುವಷ್ಟರಲ್ಲಿ ಗಮನಿಸಬೇಕಾದದ್ದು, ಹಕ್ಕು ಇದ್ದದ್ದು ಕಂಪನಿಯ ಕೈಯಲ್ಲಿ. ದಾವೆ ಹೂಡಿದವರಲ್ಲಿ ಆ ಗಿಟಾರ್ ನುಡಿಸಿದವನಿಲ್ಲ.

*

ಕದ್ದವನಿಗೆ ಹಾಡು ಸಿಕ್ಕಿತು, ಕಂಪನಿಗೆ ದುಡ್ಡು ಸಿಕ್ಕಿತು, ಕೇಳುಗನಿಗೆ ಹಳೆಯ ತಂಡದ ಪರಿಚಯ ಸಿಕ್ಕಿತು. ನುಡಿಸಿದವನಿಗೆ ಸಿಕ್ಕಿದ್ದು ಹೊಗಳಿಕೆ.

*

ಎಪ್ಪತ್ತರ ಹತ್ತಿರ ಬಂದಾಗ ವೊರೆಲ್ ಒಂದು ಆಲ್ಬಮ್ ಮಾಡಿದ, ‘ಎಲಿವೇಷನ್’ (2013). ಅದರಲ್ಲಿ ಸಿಂಥಸೈಜರ್ ಇಲ್ಲ, ಆಸರೆಗೆ ಡ್ರಮ್ಸ್ ಇಲ್ಲ. ಒಬ್ಬನೇ, ಪಿಯಾನೊದ ಮುಂದೆ. ಅವಸರವಿಲ್ಲ. ಎಷ್ಟೋ ಕಡೆ ಎರಡು ಸ್ವರಗಳ ನಡುವಿನ ಬಿಡುವೇ ಹೆಚ್ಚು. ವಯಸ್ಸಾದ ಸಂಗೀತಗಾರರು ವೇಗ ಕಳೆದುಕೊಂಡದ್ದನ್ನು ಜನ ಪ್ರೌಢಿಮೆ ಎಂದು ಹೊಗಳುವುದುಂಟು, ಅದರಲ್ಲಿ ಅರ್ಧ ದಾಕ್ಷಿಣ್ಯ. ಇಲ್ಲಿ ದಾಕ್ಷಿಣ್ಯ ಬೇಕಾಗಿಲ್ಲ.

*

2015ರ ‘ರಿಕಿ ಅಂಡ್ ದಿ ಫ್ಲ್ಯಾಶ್’ ಚಿತ್ರದಲ್ಲಿ ಮೆರಿಲ್ ಸ್ಟ್ರೀಪ್ ಬಾರಿನಲ್ಲಿ ಹಾಡುವ ಗಾಯಕಿ. ಅವಳ ತಂಡದ ಕೀಬೋರ್ಡಿನವನು ವೊರೆಲ್. ನಿರ್ದೇಶಕ ಅದೇ ಡೆಮಿ. ಮೂವತ್ತು ವರ್ಷ ಕಳೆದರೂ ಡೆಮಿಗೆ ಬೇಕಾದದ್ದು ನಟಿಸಬಲ್ಲ ಕೀಬೋರ್ಡಿನವನಲ್ಲ, ಕ್ಯಾಮೆರಾ ಇದ್ದರೂ ನಟಿಸದೆ ನುಡಿಸಬಲ್ಲವನು.

*

2016ರ ಆರಂಭದಲ್ಲಿ ಕ್ಯಾನ್ಸರ್ ಎಂದು ತಿಳಿಯಿತು, ಕಡೆಯ ಹಂತ. ಏಪ್ರಿಲಿನಲ್ಲಿ ನ್ಯೂಯಾರ್ಕಿನ ವೆಬ್‌ಸ್ಟರ್ ಹಾಲ್‌ನಲ್ಲಿ ಗೆಳೆಯರೆಲ್ಲ ಸೇರಿ ಚಿಕಿತ್ಸೆಗೆ ನೆರವಾಗಲು ಕಛೇರಿ ನಡೆಸಿದರು. ಅಲ್ಲಿ ಸೇರಿದವರ ಪ್ರೀತಿ ದೊಡ್ಡದು. ಆದರೆ ಇಷ್ಟೊಂದು ರೆಕಾರ್ಡುಗಳಲ್ಲಿ ನುಡಿಸಿದವನ ಆಸ್ಪತ್ರೆ ಖರ್ಚಿಗೆ ಹುಂಡಿ ಹಿಡಿಯಬೇಕಾದ ಸ್ಥಿತಿಯನ್ನು ಬರೀ ಪ್ರೀತಿಯ ಕತೆಯಾಗಿ ಹೇಳಿ ಮುಗಿಸುವುದು ನನಗೆ ಆಗದ ಕೆಲಸ.

*

ಅದೇ ವರ್ಷದ ಮೇ ತಿಂಗಳಲ್ಲಿ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1967ರಲ್ಲಿ ಅರ್ಧಕ್ಕೆ ಎದ್ದು ಹೋದ ವಿದ್ಯಾರ್ಥಿಗೆ ಸುಮಾರು ಐವತ್ತು ವರ್ಷದ ಮೇಲೆ. ಸಂಸ್ಥೆಗಳಿಗೆ ನೆನಪು ಇರುತ್ತದೆ, ನಿಧಾನ ಅಷ್ಟೆ. ಜೂನ್ 24ರಂದು ವಾಷಿಂಗ್ಟನ್ ರಾಜ್ಯದ ಎವರ್ಸನ್ ಎಂಬ ಚಿಕ್ಕ ಊರಿನ ತನ್ನ ಮನೆಯಲ್ಲಿ ವೊರೆಲ್ ತೀರಿಕೊಂಡ. 72 ವರ್ಷ.

*

ಶಾಸ್ತ್ರೀಯ ಕಲಿತ ಮಕ್ಕಳು ಸಿನಿಮಾ ಹಾಡು ನುಡಿಸಿದರೆ ಕೈ ಕೆಡುತ್ತದೆ ಎಂದು ಗದರಿಸುವ ಗುರುಗಳಿಗೆ ಒಂದು ವಿನಂತಿ: ಗದರಿಸುವ ಮೊದಲು ‘ಅಟ್ಮಾಸ್ಫಿಯರ್’ನ ಆರ್ಗನ್ ಭಾಗವನ್ನು ಒಮ್ಮೆ ಕೇಳಿ. ಪೋಲಿ ಮಾತು ಇರುವ ಶುರುವನ್ನು ಬೇಕಾದರೆ ದಾಟಿಸಿ.

*

‘ಫ್ಲ್ಯಾಶ್ ಲೈಟ್’ ಕೇಳಬೇಕೆನಿಸಿದವರು ಮಾತ್ರ ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಆ ಪುಟ್ಟ ಸ್ಪೀಕರ್ ಕೆಳಗಿನ ಸ್ವರಗಳನ್ನು ಹೊರಡಿಸಲಾರದು. ಹಾಡು, ಚಪ್ಪಾಳೆ, ಗಿಟಾರು ಎಲ್ಲ ಕೇಳಿಸುತ್ತದೆ, ವೊರೆಲ್‌ನ ಬೇಸ್ ಮಾತ್ರ ಕಾಣೆಯಾಗುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ದೊಡ್ಡ ಸ್ಪೀಕರ್ ಇರುವ ಗೆಳೆಯರ ಮನೆಗೆ ಹೋಗಿ.